ಅಕ್ಕನ ವಾರದ ಡಬ್ಬಿ

ಸೇಂಟ್ ಜಾನ್ಸ್
ಜನವರಿ 23, 2005

ಮೆಲ್ವೀ,

ನಾನು ಇದ್ದೇನೆ. ನೀನೂ ಇದ್ದೀಯ ಅಂದುಕೊಂಡು ಬರೆಯುತ್ತಿದ್ದೇನೆ.

ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯದಿದ್ದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ. ಒಂದು ಹಾಳೆಗೆ ಎಂಟು ಸಾಲು ಹಿಡಿದರೆ ಹೆಚ್ಚು. ನೀನೂ ಹಾಗೇ ಬರೆ, ನಿನ್ನ ಟೀಚರಮ್ಮನ ಮುದ್ದು ಅಕ್ಷರ ಈಗ ನನಗೆ ಉಪಯೋಗವಿಲ್ಲ. ಫೋನ್ ಮಾತ್ರ ಮಾಡಬೇಡ. ಈ ಮನೆಯ ಫೋನು ಅಡುಗೆಮನೆಯ ಗೋಡೆಯಲ್ಲಿದೆ. ಅದು ಬಡಿದುಕೊಂಡ ಕೂಡಲೇ ಮನೆಯೊಡತಿ ಮಿಸೆಸ್ ಪೆನ್ನಿಗೆ ಪಾತ್ರೆ ಒರೆಸುವ ಕೆಲಸ ನೆನಪಾಗುತ್ತದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾಳೆ.

ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೆಷಿನ್. ನಾಲ್ಕು ಗಂಟೆ ಕುರ್ಚಿಯಲ್ಲಿ ಒರಗಿಕೊಂಡು ನನ್ನ ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರುವುದನ್ನು ನೋಡಬೇಕು. ಪಕ್ಕದ ಕುರ್ಚಿ ಹೇವರ್ಡ್ ಮಾಮನದು. ಎಂಬತ್ತನಾಲ್ಕು ವರ್ಷ. ಮೊದಲ ದಿನವೇ, "ನೀನ್ಯಾರ ಮಗಳಮ್ಮ?" ಅಂದರು. ಹೇಳಿದೆ. "ಗ್ಯಾನೆಟ್ ಕೋವ್‌ನೋರಾ? ನಿಮ್ಮೂರ ಬಾಗಿಲಲ್ಲೇ ನನ್ನ ದೋಣಿ ಬಂಡೆಗೆ ಹೊಡೀತು, ಐವತ್ತೆಂಟನೇ ಇಸವೀಲಿ. ಅಲ್ಲೊಂದು ಬಂಡೆ ಇದೆ ಅಂತ ಒಬ್ಬನೂ ಬಾಯಿ ಬಿಡ್ಲಿಲ್ಲ." ಅಷ್ಟು ವರ್ಷದ ಸಿಟ್ಟನ್ನು ಇವತ್ತಿಗೂ ಬಿಸಿಯಾಗಿಟ್ಟಿದ್ದಾರೆ. ಅವರ ಜೊತೆ ಹೊತ್ತು ಹೋಗುತ್ತದೆ.

ಊಟದ ಕಥೆ ಕೇಳಬೇಡ. ಆಲೂಗೆಡ್ಡೆಯನ್ನು ಹೆಚ್ಚಿ ನೆನೆಸಿ, ಎರಡು ಸಲ ಬೇಯಿಸಿ, ಎರಡೂ ನೀರು ಚೆಲ್ಲಿ ಕೊಡುತ್ತಾರೆ. ಅದರಲ್ಲಿ ಆಲೂಗೆಡ್ಡೆ ಅನ್ನುವ ಹೆಸರು ಬಿಟ್ಟರೆ ಏನೂ ಉಳಿದಿರುವುದಿಲ್ಲ. ನಮ್ಮ ಭಾನುವಾರದ ಉಪ್ಪು ಮಾಂಸ ಇಲ್ಲ, ಟರ್ನಿಪ್ ಇಲ್ಲ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಬಟಾಣಿ ಇಲ್ಲ. ಭಾನುವಾರ ಅಂದರೆ ಇಲ್ಲಿ ಬರೀ ಇನ್ನೊಂದು ದಿನ.

ಈಗ ಮುಖ್ಯ ವಿಷಯ. ನರ್ಸ್ ಕೂಮ್ಸ್ ಹೇಳುತ್ತಾಳೆ, ಇನ್ನೊಂದು ದಾರಿ ಇದೆಯಂತೆ. ಹೊಟ್ಟೆಗೆ ಒಂದು ಸಣ್ಣ ಕೊಳವೆ ಕೂರಿಸುತ್ತಾರೆ. ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಔಷಧಿ ನೀರಿನ ಚೀಲ ತಗುಲಿಸಿ ಒಳಗೆ ಬಿಟ್ಟು, ಹಳೆಯ ನೀರು ಹೊರಗೆ ತೆಗೆಯಬೇಕು. ಆಗ ಊರಿಗೆ ಬರಬಹುದು. ಆದರೆ ಕೈ ಶುದ್ಧವಿರಬೇಕು, ಸ್ವಲ್ಪ ತಪ್ಪಿದರೂ ಹೊಟ್ಟೆಯೊಳಗೆ ಕೀವು. "ನಿಮ್ಮ ಕಣ್ಣಿಗೆ ಇದು ಆಗೋದಲ್ಲಮ್ಮ, ನಂಬಿಕಸ್ತರು ಒಬ್ಬರು ಜೊತೆಗಿರಬೇಕು," ಅಂದಳು. ಆ ಒಬ್ಬರು ಇಲ್ಲಿಗೆ ಬಂದು ಮೂರು ವಾರ ಕಲಿಯಬೇಕು. ಮೇ ತಿಂಗಳ ಕೊನೆಯೊಳಗೆ ಅವರ ಹೆಸರು ಬರೆದುಕೊಡಬೇಕಂತೆ.

ಇಲ್ಲದಿದ್ದರೆ ಉಳಿದ ಆಯುಷ್ಯವೆಲ್ಲ ಈ ಕೋಣೆ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ.

ನನ್ನ ಮನೆಯ ನಲ್ಲಿ ಹೆಪ್ಪುಗಟ್ಟದ ಹಾಗೆ ಸಣ್ಣಗೆ ಬಿಟ್ಟಿರು.

ನಿನ್ನ ಅಕ್ಕ
ಯೂನಾ


ಗ್ಯಾನೆಟ್ ಕೋವ್
ಫೆಬ್ರವರಿ 4, 2005

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಮುಗಿಸುವ ಮೊದಲೇ ಕೈ ತೊಳೆದುಕೊಂಡು ಬಂದೆ. ತಮಾಷೆಯಲ್ಲ. ಆ ಹೆಸರು ಬರೆಯಲು ಮೇ ತಿಂಗಳವರೆಗೆ ಯಾಕೆ ಕಾಯಬೇಕು? ಇವತ್ತೇ ಬರೆದುಕೊಡು. ಮೆಲ್ವೀನಾ, ತಂಗಿ, ಅರವತ್ತಾರು ವರ್ಷ, ಸಕ್ಕರೆ ಕಾಯಿಲೆ ಇದ್ದರೂ ಕಣ್ಣು ಕೈ ಎರಡೂ ನೆಟ್ಟಗಿವೆ, ಮೂವತ್ತೈದು ವರ್ಷ ಮಕ್ಕಳ ಮೂಗು ಒರೆಸಿ ಅನುಭವವಿದೆ. ಇನ್ನೇನು ಬೇಕು ಅವರಿಗೆ?

ನಿನ್ನ ಮನೆಯ ಒಳಕೋಣೆಯನ್ನು ನಾಳೆಯಿಂದಲೇ ಖಾಲಿ ಮಾಡುತ್ತೇನೆ. ಹಳೇ ಬಲೆ, ಸೆಲ್ಬಿ ಭಾವನ ಬೂಟು ಎಲ್ಲ ಕೊಟ್ಟಿಗೆಗೆ ಹೋಗಲಿ. ಗೋಡೆಗೆ ಬಿಳಿ ಬಣ್ಣ ಬಳಿಸುತ್ತೇನೆ. ಚೀಲ ತಗುಲಿಸಲು ಒಂದು ಕೊಕ್ಕೆ ಬೇಕಲ್ಲ, ಅದನ್ನು ಎಷ್ಟು ಎತ್ತರದಲ್ಲಿ ಹೊಡೆಯಬೇಕು ಅಂತ ನರ್ಸನ್ನು ಕೇಳು.

ಊರಿನಲ್ಲಿ ಹೇಳುವಂಥದ್ದು ಏನೂ ಇಲ್ಲ. ಹತ್ತೊಂಬತ್ತು ಮನೆಗಳಲ್ಲಿ ಹೊಗೆ ಬರುತ್ತಿತ್ತು, ನಿನ್ನದು ಬಿಟ್ಟರೆ ಹದಿನೆಂಟು. ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಚಿಮಣಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಕಳೆದ ಭಾನುವಾರ ನಾನೊಬ್ಬಳೇ ಎಲೆಕೋಸು ಬೇಯಿಸಿಕೊಂಡು ಉಂಡೆ. ಆಮೇಲೆ ಎಂದಿನಂತೆ ವಾರದ ಮಾತ್ರೆ ಡಬ್ಬಿ ತುಂಬಲು ಕೂತೆ. ನೋಡಿದರೆ ಅಭ್ಯಾಸಬಲದಿಂದ ಎರಡು ಡಬ್ಬಿ ತೆಗೆದಿಟ್ಟಿದ್ದೇನೆ, ನಿನ್ನ ಹಳೆಯದೊಂದು, ನನ್ನದೊಂದು. ನಿನ್ನದನ್ನು ಒಳಗಿಟ್ಟೆ. ಮೂರು ವರ್ಷ ನಿನ್ನ ಡಬ್ಬಿ ತುಂಬಿದ ಕೈ, ಸುಮ್ಮನೆ ಕೂತಿರಲು ಅದಕ್ಕೆ ಬರುವುದಿಲ್ಲ.

ನೀನು ಆ ಉಪ್ಪು ಮಾಂಸದ ಆಸೆ ಇನ್ನಾದರೂ ಬಿಡು. ಅಲ್ಲಿ ಕೊಟ್ಟದ್ದನ್ನು ತಿನ್ನು.

ನಿನ್ನ
ಮೆಲ್ವೀನಾ


ಸೇಂಟ್ ಜಾನ್ಸ್
ಫೆಬ್ರವರಿ 20, 2005

ಮೆಲ್ವೀ,

ನಾವಿಬ್ಬರೂ ಮೂರು ವರ್ಷ ಮಾತ್ರೆ ತಿಂದೆವಲ್ಲ, ಆ ವಿಟಮಿನ್ ಅಧ್ಯಯನದವರಿಂದ ಕಾಗದ ಬಂತು. ನಿನಗೂ ಬಂದಿರಬೇಕು. ಭೂತಗನ್ನಡಿ ಹಿಡಿದು ನಾನೇ ಓದಿದೆ, ಎರಡು ದಿನ ಹಿಡಿಯಿತು.

ಮಾತ್ರೆ ನಿಲ್ಲಿಸಬೇಕಂತೆ. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದ್ದಾರಂತೆ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಬಿ ವಿಟಮಿನ್ ಒಳ್ಳೆಯದು ಅಂತ ಅವರು ನಂಬಿದ್ದರು, ನಾವೂ ನಂಬಿದ್ದೆವು. ಈಗ ನೋಡಿದರೆ, ನಿಜವಾದ ಮಾತ್ರೆ ತೆಗೆದುಕೊಂಡವರ ಮೂತ್ರಪಿಂಡವೇ ಬೇಗ ಬೇಗ ಇಳಿದಿದೆಯಂತೆ, ಹೋಲಿಸಿ ನೋಡಲು ಯಾರಿಗೂ ಹೇಳದೆ ಕೊಟ್ಟ, ಔಷಧಿಯಿಲ್ಲದ ಹಿಟ್ಟಿನ ಮಾತ್ರೆ ತೆಗೆದುಕೊಂಡವರದ್ದು ನಿಧಾನವಂತೆ. ನಾನು ಹಿಟ್ಟಿನ ಮಾತ್ರೆಯ ಗುಂಪು. ನನ್ನ ಬಾಟಲಿ ಸಂಖ್ಯೆ ಹಾಕಿ ಹಾಗಂತ ಬರೆದಿದ್ದಾರೆ.

ಹೇವರ್ಡ್ ಮಾಮನಿಗೆ ಹೇಳಿದೆ. "ಮೂರು ವರ್ಷ ನಿಂಗೆ ಹಿಟ್ಟಿನುಂಡೆ ನುಂಗಿಸಿದ್ರಾ? ಅದನ್ನ ಮನೇಲೇ ಮಾಡ್ಕೋಬಹುದಿತ್ತಲ್ಲಮ್ಮ," ಅಂದರು. ನರ್ಸ್ ಕೂಮ್ಸ್‌ಗೂ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ.

ಅವಳೇ ಪ್ರತಿ ಸಲ ಮೆಷಿನ್ ಮುಗಿದ ಮೇಲೆ ಒಂದು ಸಣ್ಣ ಮಾತ್ರೆ ಕೊಡುತ್ತಾಳೆ. ಏನಿದು ಅಂತ ಕೇಳಿದರೆ ವಿಟಮಿನ್ ಅನ್ನುತ್ತಾಳೆ. ಮೆಷಿನ್ ಕೊಳೆಯ ಜೊತೆ ಒಳ್ಳೆಯದನ್ನೂ ತೊಳೆದುಬಿಡುತ್ತದಂತೆ, ಹಾಗಾಗಿ ಹೋದಷ್ಟನ್ನು ಮಾತ್ರ ಹಾಕುತ್ತಾರಂತೆ. "ಅದು ಬೇರೆ, ಇದು ಬೇರೆ ಅಮ್ಮ. ಅಲ್ಲಿ ಕೊಟ್ಟಿದ್ದು ಬಕೆಟ್ ಲೆಕ್ಕ, ಇದು ಚಮಚದ ಲೆಕ್ಕ. ಊಟದಲ್ಲಿ ಬರೋದಂತೂ ಯಾರಿಗೂ ಕೆಟ್ಟದ್ದು ಮಾಡಿಲ್ಲ," ಅಂದಳು. ನಾನು ಅದನ್ನು ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗಿದೆ.

ನಿನ್ನ ಕಾಗದದಲ್ಲಿ ಏನು ಬರೆದಿದ್ದಾರೆ? ನಿನ್ನದು ಯಾವ ಗುಂಪು?

ಯೂನಾ


ಗ್ಯಾನೆಟ್ ಕೋವ್
ಮಾರ್ಚ್ 6, 2005

ಪ್ರೀತಿಯ ಅಕ್ಕ,

ಹೌದು, ನನಗೂ ಬಂತು. ನನ್ನದು ನಿಜವಾದ ಮಾತ್ರೆಯ ಗುಂಪಂತೆ. ನನಗೇನಾಗಿದೆ ನೋಡು, ಕಲ್ಲಿನ ಹಾಗಿದ್ದೇನೆ. ಕ್ಲಿನಿಕ್‌ನಲ್ಲಿ ಹೋದ ವಾರ ರಕ್ತ ಕೊಟ್ಟೆ, ಮೂತ್ರಪಿಂಡ ಮೂರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಆ ದೊಡ್ಡ ಡಾಕ್ಟರುಗಳ ಮಾತಿಗೆ ಬೆಲೆ ಕೊಡಬೇಡ. ಈ ವರ್ಷ ಮೊಟ್ಟೆ ತಿನ್ನಬೇಡಿ ಅನ್ನುತ್ತಾರೆ, ಮುಂದಿನ ವರ್ಷ ತಿನ್ನಿ ಅನ್ನುತ್ತಾರೆ.

ನಿನ್ನ ವಿಷಯದಲ್ಲಿ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಎಷ್ಟು ವರ್ಷದಿಂದ ಹೇಳುತ್ತಿದ್ದೆ, ಆ ಉಪ್ಪು ಮಾಂಸ ಬಿಡು, ಬಿಡು ಅಂತ. ಭಾನುವಾರ ಬಂದರೆ ನೀನು ಪಾತ್ರೆಯ ತಳದ ನೀರಿನಲ್ಲೂ ಬ್ರೆಡ್ಡು ಅದ್ದಿ ತಿನ್ನುತ್ತಿದ್ದೆ. ನಾನು ಟರ್ನಿಪ್ ಮಾತ್ರ ಬಡಿಸಿಕೊಂಡು ನೋಡುತ್ತಾ ಕೂತಿರುತ್ತಿದ್ದೆ. ಇರಲಿ, ಆದದ್ದು ಆಯಿತು.

ಒಳಕೋಣೆಗೆ ಬಣ್ಣ ಬಳಿದಾಯಿತು. ಕೈ ತೊಳೆಯಲು ಬೇರೆ ತೊಟ್ಟಿ ಇಡಿಸಿದ್ದೇನೆ. ಕ್ಲಿನಿಕ್‌ನ ನರ್ಸು ತೋರಿಸಿದ ಹಾಗೆ ಬೆರಳಿನ ಸಂದಿ, ಮೊಣಕೈವರೆಗೆ, ಗಡಿಯಾರ ನೋಡಿಕೊಂಡು ತೊಳೆಯುವುದನ್ನು ಒಬ್ಬಳೇ ಅಭ್ಯಾಸ ಮಾಡುತ್ತಿದ್ದೇನೆ. ಚರ್ಮ ಸುಲಿದಿದೆ, ಪರವಾಗಿಲ್ಲ. ನನ್ನ ಹೆಸರು ಕೊಟ್ಟೆಯಾ? ನಿನ್ನ ಕಾಗದದಲ್ಲಿ ಅದೊಂದನ್ನು ಬರೆಯಲೇ ಇಲ್ಲ.

ಕೊಲ್ಲಿಯ ತುಂಬ ಮಂಜುಗಡ್ಡೆ ನಿಂತಿದೆ. ಒಂದು ಶಬ್ದ ಇಲ್ಲ.

ನಿನ್ನ
ಮೆಲ್ವೀನಾ


ಸೇಂಟ್ ಜಾನ್ಸ್
ಮಾರ್ಚ್ 27, 2005

ಮೆಲ್ವೀ,

ಈಸ್ಟರ್ ಇವತ್ತು. ಮಿಸೆಸ್ ಪೆನ್ನಿ ಮಗಳ ಮನೆಗೆ ಹೋಗಿದ್ದಾಳೆ. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಹೋಗಿದ್ದಾಳೆ.

ಡಾಕ್ಟರು ಮೊನ್ನೆ ನನ್ನ ಕಡತ ನೋಡಿ ತಲೆ ಕೆರೆದುಕೊಂಡರು. "ನಿಮ್ಮದು ಹಿಟ್ಟಿನ ಮಾತ್ರೆ. ಸಕ್ಕರೆಯೂ ಮಿತಿಯಲ್ಲೇ ಇತ್ತು. ಆದ್ರೂ ಮೂರೇ ವರ್ಷದಲ್ಲಿ ಇಷ್ಟು ಇಳಿದಿದೆಯಲ್ಲ, ಲೆಕ್ಕ ಕೂಡ್ತಾ ಇಲ್ಲ," ಅಂದರು. ಉಪ್ಪು ಮಾಂಸ ತಿನ್ನುತ್ತಿದ್ದೆ ಅಂದೆ. ಬರೆದುಕೊಂಡರು.

ನೀನು ಹೇಳುವುದು ಸರಿ ಇರಬೇಕು. ನನ್ನ ನಾಲಿಗೆಯ ಚಪಲಕ್ಕೆ ನಾನು ಇಲ್ಲಿ ಬಿದ್ದಿದ್ದೇನೆ, ನೀನು ಅಲ್ಲಿ ಒಬ್ಬಳೇ ಆಗಿದ್ದೀಯ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಮಾತು ಕೇಳಬೇಕಿತ್ತು.

ಹೆಸರು ಇನ್ನೂ ಕೊಟ್ಟಿಲ್ಲ.

ಯೂನಾ


ಗ್ಯಾನೆಟ್ ಕೋವ್
ಮೇ 1, 2005

ಅಕ್ಕ,

ಐದು ವಾರ ನಿನಗೆ ಬರೆಯಲಿಲ್ಲ. ಬರೆದದ್ದು ಒಲೆಗೆ ಹೋಯಿತು. ಇದನ್ನು ಬರೆದ ಕೂಡಲೇ ಬೂಟು ಹಾಕಿಕೊಂಡು ಅಂಚೆಯವಳ ಕೈಗೆ ಕೊಟ್ಟು ಬರುತ್ತೇನೆ.

ಉಪ್ಪು ಮಾಂಸವಲ್ಲ ಅಕ್ಕ. ನೀನು ಮೂರು ವರ್ಷ ತಿಂದದ್ದು ಹಿಟ್ಟಿನ ಮಾತ್ರೆಯಲ್ಲ. ಅದು ನನ್ನ ಬಾಟಲಿಯ ಮಾತ್ರೆ. ನಿನ್ನ ಬಾಟಲಿಯದನ್ನು ನಾನು ತಿಂದೆ.

ಮಾತ್ರೆ ಶುರುವಾದ ಮೂರನೇ ದಿನವೇ ನನಗೆ ಗೊತ್ತಾಯಿತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಬಚ್ಚಲಿಗೆ ಹೋದರೆ ನೀರು ಅಚ್ಚ ಹಳದಿ. ಬಿ ವಿಟಮಿನ್ ತೆಗೆದುಕೊಂಡರೆ ಹಾಗಾಗುತ್ತದೆ ಅಂತ ಶಾಲೆಯಲ್ಲಿದ್ದಾಗಲೇ ಓದಿದ್ದೆ. ನಿನ್ನದೂ ಹಾಗಿದೆಯಾ ಅಂತ ಮಾತಿನ ಮಧ್ಯೆ ನಾನು ಕೇಳಿದೆ, ನೆನಪಿದೆಯಾ? "ನಂದೇನೂ ಬದಲಾಗಿಲ್ಲ, ನಿಂದು ಯಾಕೆ ನೋಡ್ಕೊಂಡು ಕೂತಿದ್ದೀಯ?" ಅಂತ ನೀನು ಅಂದಿದ್ದೆ. ಆಗಲೇ ತಿಳಿಯಿತು, ಒಳ್ಳೆಯದು ನನಗೆ ಬಂದಿದೆ, ನಿನಗೆ ಹಿಟ್ಟು ಬಂದಿದೆ ಅಂತ.

ಯಾವಾಗಲೂ ಹಾಗೇ ತಾನೇ ಆದದ್ದು? ಅಮ್ಮ ಆ ಚಳಿಗಾಲದಲ್ಲಿ ಬೆರಿಬೆರಿಯಲ್ಲಿ ಕಾಲು ಊದಿ ಮಲಗಿದಾಗ ನಿನಗೆ ಒಂಬತ್ತು, ನನಗೆ ಐದು. ಮನೆಯಲ್ಲಿ ಬಿಳಿ ಹಿಟ್ಟು ಮತ್ತು ಟೀ ಬಿಟ್ಟರೆ ಏನೂ ಇರಲಿಲ್ಲ. ಶಾಲೆ ಬಿಡಿಸಿ ನಿನ್ನನ್ನು ಅವಳ ಹತ್ತಿರ ಕೂರಿಸಿದರು. ನೀನು ಅಮ್ಮನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳು ಹೋದ ಮೇಲೆ ಹದಿಮೂರನೇ ವಯಸ್ಸಿಗೆ ನೀನು ವ್ಯಾಪಾರಿಯ ಮನೆಗೆ ಕೆಲಸಕ್ಕೆ ಹೋದೆ, ನಾನು ಪುಸ್ತಕ ಹಿಡಿದುಕೊಂಡು ಪಟ್ಟಣಕ್ಕೆ ಹೋದೆ. ಅಲ್ಲಿ ತರಗತಿಯಲ್ಲಿ ಹೇಳಿಕೊಟ್ಟರು, ಬೆರಿಬೆರಿ ಅಂದರೆ ಬರೀ ಬಿ ವಿಟಮಿನ್ನಿನ ಕೊರತೆ ಅಂತ. ಒಂದು ಚಿಟಿಕೆ ಇದ್ದಿದ್ದರೆ ಅಮ್ಮ ಎದ್ದು ಓಡಾಡುತ್ತಿದ್ದಳು. ಆ ದಿನ ತರಗತಿಯಿಂದ ಎದ್ದು ಹೊರಗೆ ಹೋಗಿ ಅತ್ತೆ. ನಲವತ್ತು ವರ್ಷ ಅದೊಂದು ಮಾತನ್ನು ನಂಬಿಕೊಂಡು ಬದುಕಿದೆ. ಶಾಲೆಯ ಮಕ್ಕಳ ಮೂಗು ಹಿಡಿದು ಮೀನೆಣ್ಣೆ ಕುಡಿಸಿದ್ದೂ ಅದಕ್ಕೇ.

ಭಾನುವಾರ ಊಟವಾದ ಮೇಲೆ ನೀನು ಪಾತ್ರೆ ತೊಳೆಯುತ್ತಿದ್ದೆ. ನಿನ್ನ ಕಣ್ಣು ಮಂಜಲ್ಲವೇ, ಎರಡು ಡಬ್ಬಿಯನ್ನೂ ನಾನೇ ತುಂಬುತ್ತಿದ್ದೆ. ನನ್ನ ಬಾಟಲಿಯದು ನಿನ್ನ ಡಬ್ಬಿಗೆ, ನಿನ್ನದು ನನ್ನದಕ್ಕೆ. ನೂರೈವತ್ತು ಭಾನುವಾರ. ಮನೆಗೆ ಹೋಗುವಾಗ ಮನಸ್ಸು ಎಷ್ಟು ಹಗುರವಾಗಿರುತ್ತಿತ್ತು ಗೊತ್ತಾ? ಜೀವಮಾನದಲ್ಲಿ ಒಂದನ್ನಾದರೂ ಅಕ್ಕನಿಗೆ ಕೊಟ್ಟೆ ಅಂತ.

ಫೆಬ್ರವರಿಯಲ್ಲಿ ಅಧ್ಯಯನದವರ ಕಾಗದ ಓದಿ ಕುರ್ಚಿಯಲ್ಲಿ ಕೂತವಳು ಕತ್ತಲಾಗುವವರೆಗೆ ಏಳಲಿಲ್ಲ. ಆಮೇಲೆ ನನ್ನದು ಯಾವ ಗುಂಪು ಅಂತ ನೀನು ಕೇಳಿದೆ. ನಾನು ಉಪ್ಪು ಮಾಂಸದ ಕಥೆ ಹೇಳಿದೆ. ನನ್ನ ಮಾತು ಕೇಳಬೇಕಿತ್ತು ಅಂತ ನೀನು ಬರೆದಾಗ ನನಗೆ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಳ್ಳಲೂ ಆಗಲಿಲ್ಲ.

ನನಗೂ ಸಕ್ಕರೆ ಇರುವುದರಿಂದ ನನ್ನದೊಂದು ಮೂತ್ರಪಿಂಡ ನಿನಗೆ ಕೊಡಲೂ ಬರುವುದಿಲ್ಲ. ಕ್ಲಿನಿಕ್‌ನಲ್ಲಿ ಕೇಳಿದೆ.

ಏನು ಬೇಕಾದರೂ ಅನ್ನು. ಆದರೆ ಬರೆ.

ಮೆಲ್ವೀನಾ


ಗ್ಯಾನೆಟ್ ಕೋವ್
ಮೇ 22, 2005

ಅಕ್ಕ,

ಮೂರು ವಾರವಾಯಿತು. ಅಂಚೆಯವಳು ಈಗ ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸಿಬಿಡುತ್ತಾಳೆ, ನಾನು ಬಾಗಿಲವರೆಗೆ ನಡೆಯುವ ಕಷ್ಟ ತಪ್ಪಲಿ ಅಂತ.

ಅಧ್ಯಯನದವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಫೋನ್ ತೆಗೆದುಕೊಂಡ ಹೆಂಗಸು ನಮ್ಮಿಬ್ಬರ ಬಾಟಲಿ ಸಂಖ್ಯೆ ಬರೆದುಕೊಂಡಳು. ಆಮೇಲೆ, "ನಿಮ್ಮಿಬ್ಬರ ಹೆಸರನ್ನೂ ಲೆಕ್ಕದಿಂದ ತೆಗೀಬೇಕಾಗತ್ತೆ," ಅಂದಳು. ನನ್ನ ಅಕ್ಕನ ಮೂತ್ರಪಿಂಡ ಹೋಗಿದ್ದು ನನ್ನ ಮಾತ್ರೆಯಿಂದಲೇನಾ ಅಂತ ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲಮ್ಮ. ನೂರಾರು ಜನರನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಗೊತ್ತಾಗತ್ತೆ. ಒಬ್ಬರ ವಿಷಯದಲ್ಲಿ ಗೊತ್ತಾಗಲ್ಲ. ಮಾತ್ರೆ ಇಲ್ಲದಿದ್ರೂ ಹೋಗಿರಬಹುದಿತ್ತು," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮಾತ್ರ ಹೌದು ಅಂದಿದ್ದರೆ ವಾಸಿಯಿತ್ತು ಅನ್ನಿಸಿತು. ಈಗ ಸಾಯುವವರೆಗೂ ಗೊತ್ತಾಗುವುದಿಲ್ಲ, ನಿನಗೂ ನನಗೂ.

ನಿನ್ನ ಡಾಕ್ಟರಿಗೂ ಒಂದು ಕಾಗದ ಹಾಕಿದ್ದೇನೆ, ಅವರ ಲೆಕ್ಕ ಯಾಕೆ ಕೂಡುತ್ತಿಲ್ಲ ಅಂತ.

ಹೆಸರು ಕೊಡಲು ಇನ್ನು ಒಂಬತ್ತು ದಿನವಿದೆ. ಕೊಡು ಅನ್ನುವ ಬಾಯಿ ನನಗಿಲ್ಲ. ಕೋಣೆ ಹಾಗೇ ಇದೆ. ಬೆಳಿಗ್ಗೆ ಎದ್ದು ಕೈ ತೊಳೆಯುವುದನ್ನೂ ಬಿಟ್ಟಿಲ್ಲ, ಬಿಟ್ಟರೆ ಆ ಹೊತ್ತಿನಲ್ಲಿ ಮಾಡಲು ನನಗೆ ಬೇರೆ ಕೆಲಸವಿಲ್ಲ. ನಾನು ಏನು ಮಾಡಲಿ ಹೇಳು. ಮಾಡುತ್ತೇನೆ.

ಮೆಲ್ವೀನಾ


ಸೇಂಟ್ ಜಾನ್ಸ್
ಜೂನ್ 19, 2005

ಮೆಲ್ವೀ,

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಇದು ಉದ್ದದ ಕಾಗದ, ಎರಡು ವಾರದಿಂದ ಸ್ವಲ್ಪ ಸ್ವಲ್ಪ ಬರೆದದ್ದು.

ನೀನು ಮಾತ್ರೆ ಬದಲಾಯಿಸಿದ್ದು ನನಗೆ ಗೊತ್ತಿತ್ತು.

ಮೊದಲ ವರ್ಷದಿಂದಲೇ ಗೊತ್ತಿತ್ತು. ನೀನು ಆ ಪ್ರಶ್ನೆ ಕೇಳಿದ ಮುಂದಿನ ವಾರವೇ ನನ್ನದೂ ಹಳದಿಯಾಯಿತು. ಮೀನಿನ ಕಾರ್ಖಾನೆಯಲ್ಲಿ ನಾನು ಮೂವತ್ತು ವರ್ಷ ಮಾಡಿದ ಕೆಲಸ ಯಾವುದು? ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಕಾಡ್ ಮೀನಿನ ತುಂಡು ಹರಡಿ ಹುಳು ಹುಡುಕುವುದು. ಬಣ್ಣ ಒಂದು ಎಳೆ ಬದಲಾದರೂ ನನ್ನ ಕೈ ನಿಲ್ಲುತ್ತಿತ್ತು. ಕಣ್ಣು ಮಂಜಾಗಿದೆ ನಿಜ, ಹಳದಿ ಯಾವುದು ಅಂತ ತಿಳಿಯದಷ್ಟಲ್ಲ. ಒಂದು ಭಾನುವಾರ ಪಾತ್ರೆ ತೊಳೆಯುತ್ತಾ ಕಿಟಕಿಯ ಗಾಜಿನಲ್ಲಿ ನಿನ್ನನ್ನು ನೋಡಿದೆ. ನೀನು ಎರಡು ಬಾಟಲಿ ಹಿಡಿದುಕೊಂಡು ಬಾಯಲ್ಲಿ ಏನೋ ಎಣಿಸುತ್ತಾ ಕೂತಿದ್ದೆ, ಚಿಕ್ಕವಳಿದ್ದಾಗ ಮಗ್ಗಿ ಹೇಳುವಾಗ ಕೂರುತ್ತಿದ್ದ ಹಾಗೇ.

ಆಗ ಹೇಳಬಹುದಿತ್ತು. ಹೇಳಲಿಲ್ಲ. ನಿನ್ನಿಂದ ಒಂದು ಬಂತಲ್ಲ ಅಂತ ಸಂತೋಷವಾಗಿತ್ತು, ಅದೇ ನಿಜ. ಅದು ಒಳ್ಳೆಯದು ಅಂತ ನಾನೂ ನಂಬಿದ್ದೆ, ನಿನಗೆ ತಪ್ಪಿ ನನಗೆ ಸಿಗುತ್ತಿದೆ ಅಂತ ಗೊತ್ತಿದ್ದೂ ನುಂಗಿದೆ. ಹಾಗಾಗಿ ಮಾತ್ರೆಯ ಲೆಕ್ಕದಲ್ಲಿ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ಅರ್ಧ ನನ್ನದು. ಅಮ್ಮನ ವಿಷಯವಾಗಿ ನೀನು ಅಷ್ಟು ವರ್ಷ ಹೊತ್ತುಕೊಂಡಿದ್ದು ನನಗೆ ತಿಳಿದಿರಲಿಲ್ಲ. ನಿನ್ನನ್ನು ಓದಿಸಿದ್ದು ನನಗೆ ಯಾವತ್ತೂ ನಷ್ಟ ಅನ್ನಿಸಿಲ್ಲ, ನಾನು ಅದನ್ನು ನಿನಗೆ ಹೇಳಬೇಕಿತ್ತು.

ನನಗೆ ನೋವಾದದ್ದು ಬೇರೆ. ಅಧ್ಯಯನದ ಕಾಗದ ನನ್ನ ಕೈಗೆ ಬಂದಾಗ ಅದರಲ್ಲಿ ಬರೆದದ್ದು ಸುಳ್ಳು ಅಂತ ನನಗೆ ಗೊತ್ತಿತ್ತು, ನಿನಗೂ ಗೊತ್ತಿದೆ ಅಂತಲೂ ಗೊತ್ತಿತ್ತು. ಮೆಲ್ವೀ ಈಗ ಹೇಳುತ್ತಾಳೆ ಅಂದುಕೊಂಡೆ. ಅದಕ್ಕೇ ನಿನ್ನದು ಯಾವ ಗುಂಪು ಅಂತ ಕೇಳಿದೆ. ನೀನು ಮಾರ್ಚ್ ಆರರಂದು ಬರೆದೆ, ಉಪ್ಪು ಮಾಂಸ ಅಂತ. ಫೆಬ್ರವರಿಯಲ್ಲಿ ಬರೆದಿದ್ದು ಬಿಡು, ಆಗ ನಿನಗೇ ತಿಳಿದಿರಲಿಲ್ಲ. ಮಾರ್ಚಿನಲ್ಲಿ ತಿಳಿದಿತ್ತು. ನಾನು ಪಾತ್ರೆಯ ತಳದ ನೀರಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದೆ ಅಂತಲೂ ನೀನು ಸೇರಿಸಿದೆ. ಹಸಿವಿನಲ್ಲಿ ಬೆಳೆದವರು ತಟ್ಟೆಯನ್ನು ಹಾಗೇ ಒರೆಸುತ್ತಾರೆ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಈಸ್ಟರ್ ದಿನ ನಾನು ಬೇಕೆಂದೇ ಹಾಗೆ ಬರೆದೆ, ತಪ್ಪು ನನ್ನದೇ ಅಂತ. ಒಂದು ವಾರದಲ್ಲಿ ನೀನು ಅಲ್ಲ ಅನ್ನುತ್ತೀಯೋ ನೋಡೋಣ ಅಂತ. ಐದು ವಾರ ಹಿಡಿಯಿತು. ಅಷ್ಟು ದಿನ ಆ ಕುರ್ಚಿಯಲ್ಲಿ ಕೂತು ಅದನ್ನೇ ಯೋಚಿಸಿದೆ. ಹೇವರ್ಡ್ ಮಾಮ ಕೇಳಿದರು, "ಯಾಕಮ್ಮ, ನಿನ್ನ ದೋಣೀನೂ ಬಂಡೆಗೆ ಹೊಡೀತಾ?" ಹೌದು ಮಾಮ ಅಂದೆ. "ನಿಮ್ಮೂರೋರೇ ಹೇಳ್ಲಿಲ್ವಾ?" ಅಂದರು. ಅವರಿಗೆ ಏನೂ ಗೊತ್ತಿಲ್ಲ, ತಮಾಷೆಗೆ ಅಂದದ್ದು. ಅವತ್ತು ನಾನು ಮೆಷಿನ್ ಮುಗಿಯುವವರೆಗೆ ಮುಖ ಆ ಕಡೆ ತಿರುಗಿಸಿಕೊಂಡಿದ್ದೆ.

ಮೇ ಮೂವತ್ತೊಂದಕ್ಕೆ ನರ್ಸ್ ಕೂಮ್ಸ್ ಅರ್ಜಿ ಹಿಡಿದುಕೊಂಡು ಬಂದಳು. "ಯಾರ ಹೆಸರು ಬರೀಲಿ?" ಅಂದಳು. ನಿನ್ನ ಹೆಸರು ಬಾಯಿಗೆ ಬಂತು. ಹೇಳಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಆ ಚೀಲದಲ್ಲಿ ಏನಿದೆ, ಎಷ್ಟಿದೆ, ಏನಾದರೂ ತಪ್ಪಾಯಿತೇ ಅಂತ ನನಗೆ ಹೇಳಬೇಕಾದ ಕೈ ಅದು. ತಪ್ಪಾದರೆ ನೀನು ಆ ಕ್ಷಣವೇ ಹೇಳುತ್ತೀಯೋ, ಐದು ವಾರವಾದ ಮೇಲೆ ಹೇಳುತ್ತೀಯೋ ನನಗೆ ಗೊತ್ತಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ, ಅದು ಅಷ್ಟು ಕಷ್ಟವಾಗಲಿಲ್ಲ. ನಂಬುವುದು ಬೇರೆ ಕೆಲಸ, ಅದು ಇನ್ನೂ ಆಗಿಲ್ಲ.

"ನನ್ನ ಹೆಸರೇ ಬರಿ," ಅಂದೆ. ಅವಳು ಒಪ್ಪಲಿಲ್ಲ. "ಕಣ್ಣು ಕಟ್ಟಿ ಪರೀಕ್ಷೆ ಮಾಡು, ತಪ್ತೀನಾ ನೋಡು," ಅಂದೆ. ಹೊಟ್ಟೆಗೆ ಕೊಳವೆ ಹಾಕಿಸಿಕೊಂಡೆ. ಮೆಷಿನ್ ಇಲ್ಲದ ದಿನಗಳಲ್ಲೆಲ್ಲ ಅಭ್ಯಾಸ ಮಾಡಿದೆ. ಕೊಳವೆಯ ಬಾಯಿ, ಚೀಲದ ಬಾಯಿ, ಮುಚ್ಚಳ, ತಿರುಪು, ಎಲ್ಲ ಬೆರಳಿಗೆ ಬಂತು. ಕಾರ್ಖಾನೆಯಲ್ಲಿ ಕರೆಂಟ್ ಹೋದಾಗ ಕತ್ತಲಲ್ಲೇ ಮೀನು ಸೀಳಿದ ಬೆರಳುಗಳವು. ನಿನ್ನೆ ಅವಳು ನಾಲ್ಕೂ ಸಲ ಪಕ್ಕದಲ್ಲಿ ನಿಂತು ನೋಡಿದಳು, ಒಂದು ಸಲವೂ ತಪ್ಪಲಿಲ್ಲ. "ನಿಮ್ಮಂಥ ಮೊಂಡರನ್ನ ನಾನು ನೋಡಿಲ್ಲಮ್ಮ," ಅಂತ ಸಹಿ ಹಾಕಿದಳು. ಆ ಸಣ್ಣ ವಿಟಮಿನ್ ಮಾತ್ರೆಯನ್ನೂ ಈಗ ನುಂಗುತ್ತೇನೆ. ಕೊಡುವಾಗ ಏನು, ಯಾಕೆ, ಎಷ್ಟು ಅಂತ ಹೇಳಿ ಕೊಡುತ್ತಾಳೆ. ಅಷ್ಟೇ ಸಾಕು ನನಗೆ.

ಮುಂದಿನ ಶುಕ್ರವಾರ ಊರಿಗೆ ಬರುತ್ತಿದ್ದೇನೆ. ಆಸ್ಪತ್ರೆಯ ವ್ಯಾನು ಬಾಗಿಲವರೆಗೆ ಬರುತ್ತದೆ. ನೀನು ಬಿಳಿ ಬಣ್ಣ ಬಳಿಸಿದ ಕೋಣೆಯಲ್ಲೇ ಇರುತ್ತೇನೆ, ಅದಕ್ಕೆ ಥ್ಯಾಂಕ್ಸ್. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಮುಕ್ಕಾಲು ಗಂಟೆ, ನನ್ನ ಮನೆಯ ಬಾಗಿಲು ಹಾಕಿರುತ್ತದೆ. ಆಗ ನೀನು ನಿನ್ನ ಮನೆಯಲ್ಲಿರು. ಕಿಟಕಿಯಿಂದ ನೋಡುತ್ತೀಯ, ಅದು ನನಗೆ ಗೊತ್ತು, ನೋಡಿಕೋ. ತಟ್ಟಬೇಡ. ಮಿಕ್ಕ ಹೊತ್ತು ಬಾ, ಕೂತುಕೋ, ಮಾತಾಡು.

ಏನು ಮಾಡಲಿ ಹೇಳು ಅಂತ ಕೇಳಿದ್ದೀಯ. ಏನೂ ಮಾಡಬೇಡ, ಮೆಲ್ವೀ. ನಿನಗೆ ಅದು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ
ಯೂನಾ